ಡಿಲಿನ್ ಸರೋವರದ ಬಳಿಯ ಬೀಗವಿಲ್ಲದ ಮನೆ

ಉತ್ತರ ವೇಲ್ಸ್‌ಗೆ ಬೆಟ್ಟ ಹತ್ತಲು ಬರುವವರಲ್ಲಿ ಬಹುಪಾಲು ಜನ 1085 ಮೀಟರ್ ಎತ್ತರದ ಸ್ನೋಡನ್ ಕಡೆ ಹೋಗುತ್ತಾರೆ. ಅಲ್ಲಿ ತುದಿಯವರೆಗೂ ರೈಲುಂಟು. ಅದೇ ಎರಿರಿ ರಾಷ್ಟ್ರೀಯ ಉದ್ಯಾನದ ಕಾರ್ನೆದಾಯ್ ಸಾಲು ಮಾತ್ರ ಬಹುಮಟ್ಟಿಗೆ ಗಾಳಿಗೆ, ಕುರಿಗಳಿಗೆ, ಅರೆಕಾಡು ಕುದುರೆಗಳಿಗೆ ಸೇರಿದ್ದು. ಮೌನವಾಗಿ ನಡೆಯಬೇಕೆನ್ನುವವರಿಗೆ ನಾನು ಹೇಳುವುದು ಇದನ್ನೇ.

ಇಲ್ಲಿ ಡಿಲಿನ್ ಸರೋವರದ ಹತ್ತಿರ ಒಂದು ಪುಟ್ಟ ಕಲ್ಲುಮನೆ ಇದೆ. ಇಂಥ ಮನೆಗೆ ಬಾಥಿ ಎನ್ನುತ್ತಾರೆ. ಬೀಗವಿಲ್ಲ, ಬಾಡಿಗೆಯಿಲ್ಲ, ಕರೆಂಟಿಲ್ಲ. ಯಾರು ಬೇಕಾದರೂ ಬಾಗಿಲು ತಳ್ಳಿ ಒಳಬರಬಹುದು. 1965ರಲ್ಲಿ ಹುಟ್ಟಿದ ಮೌಂಟನ್ ಬಾಥೀಸ್ ಅಸೋಸಿಯೇಷನ್ನಿನ ಸ್ವಯಂಸೇವಕರು ಇದನ್ನೂ, ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಇಂಥ ಹಲವು ಮನೆಗಳನ್ನೂ ನೋಡಿಕೊಳ್ಳುತ್ತಾರೆ. ಸೋರುವ ಸೂರಿಗೆ ಹಲಗೆ, ಸ್ಲೇಟು ಹೊತ್ತು ಬೆಟ್ಟ ಹತ್ತುವ ಆ ಅಪರಿಚಿತರ ಬಗ್ಗೆ ನನಗೆ ಅಪಾರ ಗೌರವ.

ಹಾಸಿಗೆ, ಒಲೆಗೆ ಬೇಕಾದ ಉರುವಲು, ಅನ್ನ ಎಲ್ಲವೂ ನಮ್ಮ ಬೆನ್ನ ಮೇಲೇ ಬರಬೇಕು. ಕಸವೂ ಹಾಗೆಯೇ ಕೆಳಗಿಳಿಯಬೇಕು. ಹಸಿ ಮರ ಕಡಿಯುವಂತಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಆಚೆ ಜೌಗು ನೆಲ, ಕಪ್ಪು ನೀರು, ಅದರ ಹಿಂದೆ ಕಡಿದಾದ ಬಂಡೆಗೋಡೆ. ಆಯಾಸವಿಲ್ಲದ ಕಾಲುಗಳಿಂದ 1064 ಮೀಟರಿನ ಕಾರ್ನೆದ್ ಲೆವೆಲಿನ್ ಕಡೆ ಹೊರಡಬಹುದು. ಮಂಜು ಕವಿದರೆ ದಿಕ್ಸೂಚಿ ಬೇಕೇ ಬೇಕು, ಮೇಲಿನ ಬಯಲುಗಳಲ್ಲಿ ಗುರುತುಗಳು ಸಿಗುವುದು ಕಷ್ಟ. ಮಳೆ ಬಿಡದಿದ್ದರೆ ಒಳಗೇ ಕುಳಿತು ಇನ್ನೊಂದು ಚಹಾ ಕಾಸಿಕೊಳ್ಳಿ.