ನೋಟದ ನಿರಂತರತೆ: ಸಿನಿಮಾ ಕಲಿಕೆ ಮತ್ತು ಕುಂದಾಪುರ ಕರಾವಳಿ

ಸಿನಿಮಾ ಕಲಿಯುವ ವಿದ್ಯಾರ್ಥಿಗೆ ಮೊದಲು ದೊರೆಯುವ ಪಾಠಗಳಲ್ಲಿ ‘ಕಂಟಿನ್ಯುಟಿ’ ಅಥವಾ ನಿರಂತರತೆಯ ಪಾಠ ಮುಖ್ಯವಾದುದು. ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಚಿತ್ರಿಕೆಗಳು ತೆರೆಯ ಮೇಲೆ ಒಂದೇ ಕಾಲ, ಒಂದೇ ಸ್ಥಳ, ಒಂದೇ ಕ್ರಿಯೆಯಾಗಿ ತೋರಬೇಕೆಂಬುದು ಅದರ ಉದ್ದೇಶ. ಇದನ್ನು ಸಾಮಾನ್ಯವಾಗಿ ದೋಷ ನಿವಾರಣೆಯ ತಾಂತ್ರಿಕ ಶಿಸ್ತೆಂದು ಭಾವಿಸಲಾಗುತ್ತದೆ. ಆದರೆ ಗಿರೀಶ ಕಾಸರವಳ್ಳಿಯವರ ಚಿತ್ರಗಳ ಹಿನ್ನೆಲೆಯಲ್ಲಿ ಪರಿಶೀಲಿಸಿದಾಗ, ಈ ಕಲಿಕೆ ಮೂಲತಃ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದನ್ನು ನಿರ್ಧರಿಸುವ ಕಲಿಕೆ ಎಂಬುದು ಸ್ಪಷ್ಟವಾಗುತ್ತದೆ.

ನಿಯಮಗಳು ಸರಳವಾಗಿವೆ. ಎರಡು ಪಾತ್ರಗಳ ನಡುವೆ ಕಲ್ಪಿಸಿಕೊಂಡ ಗೆರೆಯ ಒಂದೇ ಬದಿಯಲ್ಲಿ, ಅಂದರೆ 180 ಡಿಗ್ರಿಯೊಳಗೆ, ಕ್ಯಾಮೆರಾ ಇರಬೇಕು. ಚೌಕಟ್ಟಿನ ಬಲಬದಿಯಿಂದ ನಿರ್ಗಮಿಸಿದವನು ಮುಂದಿನ ಚಿತ್ರಿಕೆಯಲ್ಲಿ ಎಡಬದಿಯಿಂದ ಪ್ರವೇಶಿಸಬೇಕು. ಒಂದೇ ವ್ಯಕ್ತಿಯ ಎರಡು ಚಿತ್ರಿಕೆಗಳ ನಡುವೆ ಕೋನ ಕನಿಷ್ಠ 30 ಡಿಗ್ರಿಯಾದರೂ ಬದಲಾಗದಿದ್ದರೆ ದೃಶ್ಯ ಜಿಗಿದಂತೆ ಕಾಣುತ್ತದೆ. ಕ್ರಿಯೆಯ ನಡುವೆಯೇ ಕತ್ತರಿಸಿದರೆ ಕಟ್ ಗಮನಕ್ಕೆ ಬಾರದು. ಅದಕ್ಕಾಗಿ ಅದೇ ಕ್ರಿಯೆಯನ್ನು ಎರಡು ಕೋನಗಳಿಂದಲೂ ಪೂರ್ತಿ ಚಿತ್ರೀಕರಿಸಿಕೊಂಡಿರಬೇಕು.

ಈ ನಿಯಮಗಳನ್ನು ಪರೀಕ್ಷೆಗೊಡ್ಡುವುದು ಊರಿನ ಪ್ರಕೃತಿ. ಬೈಂದೂರು ಸಮೀಪದ ಯಡ್ತರೆಯಂತಹ ಊರಿನಲ್ಲಿ ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಕಡಲು. ಕಡಲಿಗೆ ಮುಖಮಾಡಿ ನಿಂತವರ ಬೆನ್ನಿಗೆ ಬೆಳಿಗ್ಗೆ ಬೀಳುವ ಬಿಸಿಲು ಸಂಜೆ ಮುಖಕ್ಕೆ ಬೀಳುತ್ತದೆ. ದಿನಕ್ಕೆರಡು ಬಾರಿ ಏರಿಳಿಯುವ ನೀರು ಮರಳಿನ ಅಂಚನ್ನೇ ಬದಲಿಸುತ್ತದೆ. ಹಾಗಾಗಿ ಇಲ್ಲಿ ಚಿತ್ರೀಕರಿಸುವವನ ಟಿಪ್ಪಣಿಯಲ್ಲಿ ಉಡುಪು, ಪರಿಕರಗಳ ಜೊತೆಗೆ ಹೊತ್ತು, ಮೋಡ, ಭರತ ಇಳಿತಗಳೂ ದಾಖಲಾಗಬೇಕಾಗುತ್ತದೆ. ನಿರಂತರತೆ ಎಂಬುದು ಸ್ಥಳವನ್ನು ಓದುವ ಅಭ್ಯಾಸವಾಗುವುದು ಹೀಗೆ.

ಮಣಿಪಾಲದಲ್ಲಿ ಔಷಧ ವಿಜ್ಞಾನ ಓದಿದ ಕಾಸರವಳ್ಳಿಯವರು ಅನಂತರ ಪುಣೆಯ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನಲ್ಲಿ ನಿರ್ದೇಶನ ಕಲಿತರು. ವಿದ್ಯಾರ್ಥಿಯಾಗಿ ಮಾಡಿದ ‘ಅವಶೇಷ್’ (1975) ರಾಷ್ಟ್ರಪ್ರಶಸ್ತಿ ಪಡೆಯಿತು. ಎರಡೇ ವರ್ಷಗಳಲ್ಲಿ ಬಂದ ‘ಘಟಶ್ರಾದ್ಧ’ (1977) ಸ್ವರ್ಣಕಮಲಕ್ಕೆ ಪಾತ್ರವಾಯಿತು. ಅನಂತಮೂರ್ತಿಯವರ ಕಥೆಯನ್ನಾಧರಿಸಿದ ಈ ಚಿತ್ರದಲ್ಲಿ ವಿಧವೆ ಯಮುನಕ್ಕನ ದುರಂತ ತೆರೆದುಕೊಳ್ಳುವುದು ಬಾಲಕ ನಾಣಿಯ ಕಣ್ಣಿನಲ್ಲಿ. ನೋಡುವ ಮುಖ, ಬಳಿಕ ನೋಡಿದ ವಸ್ತು ಎಂಬ ದೃಷ್ಟಿರೇಖೆಯ ಪ್ರಾಥಮಿಕ ಪಾಠವೇ ಇಲ್ಲಿ ಅರ್ಥದ ನೆಲೆಯಾಗಿದೆ. ನಾಣಿ ನೋಡುತ್ತಾನೆ, ಆದರೆ ಪೂರ್ತಿ ಗ್ರಹಿಸಲಾರ. ಊರು ಬಿಡುವಾಗ, ತಲೆ ಬೋಳಿಸಿಕೊಂಡು ಕುಳಿತ ಯಮುನಕ್ಕ ಅವನಿಗೆ ಕಾಣುತ್ತಾಳೆ. ಸ್ಥಳದ ನಿರಂತರತೆ ಅಖಂಡವಾಗಿದ್ದರೂ ಸಂಬಂಧದ ನಿರಂತರತೆ ಕಡಿದುಹೋಗಿರುತ್ತದೆ.

ಮೂರು ದಶಕಗಳ ತರುವಾಯದ ‘ಗುಲಾಬಿ ಟಾಕೀಸ್’ (2008) ಇದೇ ಪ್ರಶ್ನೆಯನ್ನು ಕುಂದಾಪುರ ಸೀಮೆಗೆ ತರುತ್ತದೆ. ಕುಂದಾಪುರದವರೇ ಆದ ವೈದೇಹಿಯವರ ಕಥೆಯಿಂದ ಹುಟ್ಟಿದ ಈ ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿಗೆ ಹೆರಿಗೆ ಮಾಡಿಸಿದ ಉಪಕಾರಕ್ಕಾಗಿ ಟಿ.ವಿ. ದೊರೆಯುತ್ತದೆ. ಮೀನುಗಾರರ ಕೇರಿಯ ಹೆಂಗಸರು ಅವಳ ಮನೆಯಲ್ಲಿ ಸೇರುತ್ತಾರೆ. ಎಲ್ಲರ ದೃಷ್ಟಿರೇಖೆ ಒಂದೇ ಪರದೆಯ ಕಡೆಗಿದ್ದರೂ ಅವರು ಬದುಕುವ ಲೋಕಗಳು ಒಂದಾಗುವುದಿಲ್ಲ. ಕೋಮುಭೇದ ಬೆಳೆದಂತೆ ಗುಲಾಬಿ ಆ ಗುಂಪಿನಿಂದ ಹೊರಗಾಗುತ್ತಾಳೆ. 1999ರ ಕಾರ್ಗಿಲ್ ಯುದ್ಧದ ಪ್ರಸ್ತಾಪ ಮಾತ್ರ ಪಾತ್ರಗಳ ನೋಟದಿಂದ ಮೂಡದೆ ಹೊರಗಿನಿಂದ ಸೇರಿಸಿದಂತೆ ತೋರುವುದುಂಟು. ನೋಟದ ತರ್ಕ ಸಡಿಲಗೊಂಡಲ್ಲಿ ಚಿತ್ರದ ಬಿಗಿಯೂ ಸಡಿಲಗೊಳ್ಳುವುದಕ್ಕೆ ಇದು ನಿದರ್ಶನ.

ನಿರಂತರತೆಯ ಈ ವ್ಯಾಕರಣ ಹಾಲಿವುಡ್‌ನಿಂದ ಬಂದುದು, ನಮ್ಮದಲ್ಲ ಎಂಬ ಆಕ್ಷೇಪವಿದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಬಡಗುತಿಟ್ಟಿನ ಯಕ್ಷಗಾನದ ಪ್ರಯಾಣ ಕುಣಿತದಲ್ಲಿ ವೇಷಧಾರಿ ಅದೇ ರಂಗಸ್ಥಳದಲ್ಲಿ ಕುಣಿಯುತ್ತಲೇ ದೂರದ ದಾರಿಯನ್ನು ಕ್ರಮಿಸುತ್ತಾನೆ. ಪ್ರೇಕ್ಷಕರಿಗೆ ಎಡ ಬಲಗಳ ಗೊಂದಲವಾಗುವುದಿಲ್ಲ. ಭಾಗವತರ ಪದ್ಯವೇ ಕಾಲ ಸ್ಥಳಗಳನ್ನು ಬೆಸೆಯುತ್ತದೆ. ಆದರೆ ಇದರಿಂದ ಸಿನಿಮಾದ ನಿಯಮ ಅನಗತ್ಯವೆಂದಾಗದು. ಬೆಸುಗೆಯ ಹೊಣೆಯನ್ನು ಯಾವುದು ಹೊರಬೇಕೆಂಬ ಪ್ರಶ್ನೆಗೆ ಪ್ರತಿ ಕಲೆಯೂ ತನ್ನದೇ ಉತ್ತರ ಹುಡುಕಿಕೊಂಡಿದೆಯೆಂದಷ್ಟೇ ಸಿದ್ಧವಾಗುತ್ತದೆ.

ಮೊಬೈಲ್ ಕ್ಯಾಮೆರಾ ಮತ್ತು ಸುಲಭ ಸಂಕಲನ ತಂತ್ರಾಂಶಗಳಿಂದಾಗಿ ಇಂದು ಸಂಸ್ಥೆಯ ಹಂಗಿಲ್ಲದೆ ಹಳ್ಳಿಯಲ್ಲಿಯೂ ಸಿನಿಮಾ ಕಲಿಯಬಹುದಾಗಿದೆ. ಕಟ್ ಮರೆಮಾಚುವ ಕೈಚಳಕವನ್ನು ತಂತ್ರಾಂಶ ಕಲಿಸೀತು. ಯಾವ ನೋಟವನ್ನು ಕಾಯ್ದುಕೊಳ್ಳಬೇಕು, ಯಾವುದನ್ನು ಕಡಿಯಬೇಕು ಎಂಬ ವಿವೇಕ ಮಾತ್ರ ತಾನು ಚಿತ್ರಿಸುವ ಜನ ಮತ್ತು ನೆಲದ ಪರಿಚಯದಿಂದಲೇ ಬರಬೇಕು. ಸಿನಿಮಾ ಶಿಕ್ಷಣದ ಪಠ್ಯಕ್ರಮದಲ್ಲಿ ಈ ಎರಡನೆಯ ಕಲಿಕೆಗೆ ಸ್ಥಾನ ದೊರೆಯುವುದು ಅವಶ್ಯ.