ಊರ ಹೆಸರಿಲ್ಲದ ಕಾಗದ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆ ಪುಸ್ತಕ ಕೆದಕುವಾಗ ಸಿಕ್ಕ, ಎರಡನೇ ಮಹಾಯುದ್ಧದ ಕಾಲದ ಒಂದು ಏರ್‌ಗ್ರಾಫ್ ಪತ್ರ ನನ್ನ ಬಳಿ ಇದೆ. ಅಂಗೈಯಗಲದ ಫೋಟೋ ಕಾಗದ. ಅಂಚು ಸುರುಳಿ ಸುತ್ತಿಕೊಂಡಿದೆ. ಮೇಲ್ಗಡೆ ಚೌಕದಲ್ಲಿ ಇಂಗ್ಲೆಂಡಿನ ವಿಳಾಸ ದೊಡ್ಡಕ್ಷರದಲ್ಲಿದೆ, ಎಡಕ್ಕೆ ಸೆನ್ಸಾರ್ ಮುದ್ರೆ. ಕೆಳಗಿನ ಅಕ್ಷರಗಳು ಎಷ್ಟು ಸಣ್ಣವೆಂದರೆ ಭೂತಗನ್ನಡಿ ಹಿಡಿದೇ ಓದಬೇಕು. ಬರೆದವನು ರಾಯಲ್ ಏರ್‌ಫೋರ್ಸಿನವನು. ಎಲ್ಲಿಂದ ಬರೆದ? ಇಂಡಿಯಾದಿಂದ, ಅಷ್ಟೇ. ಕೋಲಾರವಿರಬಹುದು, ಕಲ್ಕತ್ತವಿರಬಹುದು. ಇರುವ ಜಾಗ ಹೇಳುವುದಕ್ಕೆ ಅಪ್ಪಣೆ ಇರಲಿಲ್ಲ.

ಕೋಲಾರ ಎಂದದ್ದು ಸುಮ್ಮನೆ ಅಲ್ಲ. 1944ರಲ್ಲಿ ಕೋಲಾರದ ಏರ್‌ಫೀಲ್ಡಿನಲ್ಲಿ 1673ನೇ ಹೆವಿ ಕನ್ವರ್ಷನ್ ಯೂನಿಟ್ ಇತ್ತು. ಬೇರೆ ವಿಮಾನಗಳಲ್ಲಿ ಕೈಪಳಗಿದವರಿಗೆ ನಾಲ್ಕು ಎಂಜಿನ್ನಿನ ಲಿಬರೇಟರ್ ಬಾಂಬರನ್ನು ಕಲಿಸುವುದು ಅದರ ಕೆಲಸ. ಆ ವರ್ಷದ ನವೆಂಬರ್ 8ರಂದು 358ನೇ ಸ್ಕ್ವಾಡ್ರನ್ ಹುಟ್ಟಿದ್ದೂ ಇಲ್ಲಿಯೇ. ಆಮೇಲೆ ಬಂಗಾಳಕ್ಕೆ ಹೋಗಿ, ಜೆಸ್ಸೋರಿನಿಂದ ಹಾರಿ, ಬರ್ಮಾ, ಸಯಾಮಿನ ಕಾಡುಗಳಲ್ಲಿ ಗುಪ್ತಚರರನ್ನೂ ಸಾಮಾನನ್ನೂ ಇಳಿಸಿದ ದಳ ಇದು. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ ಇದ್ದ ಆ ವಿಮಾನ ರಾಗಿ ಕೊಯ್ಲಿನ ಹೊತ್ತಿಗೆ ಹೊಲಗಳ ಮೇಲೆ ತಗ್ಗಾಗಿ ಹೋದಾಗ ಎತ್ತುಗಳು ಏನು ಮಾಡಿದವೋ.

ಈ ಹುಡುಗರ ಮನೆಯ ಹಂಬಲ ಹರಿದದ್ದು ಏರ್‌ಗ್ರಾಫಿನಂಥ ಕಾಗದಗಳಲ್ಲಿ. ಅದನ್ನು ಒಂದು ಬರವಣಿಗೆಯ ಪ್ರಕಾರವೆಂದೇ ತೂಗಿ ನೋಡಬೇಕೆಂದು ನನಗೆ ಬಹಳ ದಿನದಿಂದ ಅನಿಸಿದೆ. 1941ರಲ್ಲಿ ಶುರುವಾದ ಈ ಏರ್ಪಾಟಿನ ಹಿಂದೆ ಕೊಡಾಕ್ ಕಂಪನಿಯ ತಂತ್ರವಿತ್ತು. ಅಚ್ಚಾದ ಒಂದು ಹಾಳೆ ಕೊಡುತ್ತಿದ್ದರು. ಬರೆದದ್ದನ್ನು 16 ಮಿಲಿಮೀಟರ್ ಫಿಲ್ಮಿಗೆ ಇಳಿಸಿ, ಆ ಸುರುಳಿಯನ್ನು ವಿಮಾನದಲ್ಲಿ ಕಳಿಸಿ, ಆ ಕಡೆ ಮತ್ತೆ ಪ್ರಿಂಟ್ ಹಾಕಿ ಮನೆಮನೆಗೆ ಹಂಚುತ್ತಿದ್ದರು. 1,600 ಕಾಗದಗಳು ಸುಮಾರು 5 ಔನ್ಸಿಗೆ ಇಳಿಯುತ್ತಿದ್ದವು. ಮಾಮೂಲಿ ಟಪಾಲಿನಲ್ಲಿ ಅವೇ ಸುಮಾರು 50 ಪೌಂಡು. ಹಡಗಿನಲ್ಲಿ ತಿಂಗಳುಗಟ್ಟಲೆ ತೇಲುವ ಪತ್ರಕ್ಕಿಂತ ಇದು ಎಷ್ಟೋ ವಾಸಿ. ಆದರೆ ಒಂದೇ ಪುಟ, ಅದೂ ಮೊದಲು ದಳದ ಅಧಿಕಾರಿಯ ಕಣ್ಣಿಗೆ ಬೀಳಬೇಕು. ಬೆಳಗ್ಗೆ ಸಲ್ಯೂಟ್ ಹೊಡೆಯಬೇಕಾದ ಮನುಷ್ಯ ಸಂಜೆ ನಿಮ್ಮ ಪ್ರೇಮಪತ್ರ ಓದುತ್ತಾನೆ ಅಂದರೆ ಕೈ ಎಷ್ಟು ಓಡೀತು? ಹಾಗಾಗಿ ‘ನಾನು ಚೆನ್ನಾಗಿದ್ದೇನೆ’, ‘ನಿನ್ನ ಕಾಗದ ತಲುಪಿತು’, ಅಮ್ಮನ ಮಂಡಿನೋವು, ಹಿತ್ತಲಿನ ಗಿಡ. ಇರುವ ಊರು ಬಿಟ್ಟು ಬಂದ ಊರಿನದೇ ಮಾತು.

ಗುಟ್ಟಿಗಾಗಿ ಊರ ಹೆಸರು ಬಿಟ್ಟದ್ದು ಸರಿ, ಒಪ್ಪೋಣ. ಆದರೆ ಶ್ರೀನಿವಾಸಪುರದ ಕಡೆ ತೋಪಿಗೆ ತೋಪೇ ಮಾವಿನ ಹೂ ಬಿಟ್ಟಿರುವುದನ್ನು ಯಾವ ಸೆನ್ಸಾರ್ ಕತ್ತರಿಸುತ್ತಿದ್ದ? ಮಾಲೂರಿನ ಹೆಂಚಿನ ಗೂಡಿನ ಹೊಗೆಯಿಂದ ಜಪಾನಿಗೆ ಏನು ಸುಳಿವು ಸಿಕ್ಕೀತು? ತಡೆದದ್ದು ಕತ್ತರಿಯೊಂದೇ ಅಲ್ಲ, ಮನೆಯ ಹಂಬಲವೂ ಕಣ್ಣು ಕಟ್ಟುತ್ತದೆ.

ನಮ್ಮಲ್ಲಿ ಇದರ ಪಕ್ಕದಲ್ಲಿಟ್ಟು ನೋಡಬಹುದಾದದ್ದು ತವರಿನ ಹಾಡು. ಕನ್ನಡದಲ್ಲಿ ತವರು ಹೆಣ್ಣಿನದು. ಗಂಡಸಿನ ಊರ ಹಂಬಲಕ್ಕೆ ಅಷ್ಟು ತೂಕದ ಪದವೇ ನಮ್ಮಲ್ಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತವಳು ತವರಿನ ಹೊಸ್ತಿಲನ್ನೂ, ಕರೆಯಲು ಬಾರದ ಅಣ್ಣನನ್ನೂ ನೆನೆಯುತ್ತಾಳೆ. ಹಾಗೇ ಕೊಟ್ಟ ಮನೆಯ ಅತ್ತೆಯ ನಾಲಗೆ, ಹೊರಬೇಕಾದ ನೀರು, ನಡುವಿನ ದಾರಿ ಎಲ್ಲವೂ ಅವಳ ಪದದಲ್ಲಿ ಬರುತ್ತದೆ. ಎರಡೂ ಮನೆ ಕಾಣುವುದರಿಂದಲೇ ನಡುವಿನ ದೂರ ನಮಗೆ ತಟ್ಟುತ್ತದೆ. ಏರ್‌ಗ್ರಾಫಿನಲ್ಲಿ ಒಂದೇ ಮನೆ. ಹಾಗಾಗಿ ಅದರ ನೋವು ನಿಜವಾದರೂ ಓದಿದವರಿಗೆ ಅರ್ಧವೇ ಮುಟ್ಟುತ್ತದೆ.

ಏರ್‌ಗ್ರಾಫ್ 1945ರ ಜುಲೈಗೆ ನಿಂತಿತು, ಅದು ಕಲಿಸಿದ ಅಭ್ಯಾಸ ನಿಲ್ಲಲಿಲ್ಲ. 2003ರಿಂದ 2006ರವರೆಗೆ ಬಿಬಿಸಿ ಯುದ್ಧದ ನೆನಪುಗಳನ್ನು ಜನರಿಂದಲೇ ಬರೆಸಿ ಕೂಡಿಹಾಕಿತು. 47,000 ಬರಹಗಳು ಬಂದವು. ದೊಡ್ಡ ಕೆಲಸ, ಅನುಮಾನವಿಲ್ಲ. ಆದರೆ ಭಾರತದಲ್ಲಿದ್ದ ಏರ್‌ಮನ್‌ಗಳ ನೆನಪುಗಳನ್ನು ಓದುತ್ತ ಹೋದರೆ ಬಿಸಿಲು, ಸೊಳ್ಳೆಪರದೆ, ಭೇದಿ, ಚಾ ತರುವವನು, ಬಟ್ಟೆ ಒಗೆಯುವವನು ಇವೇ ಸುತ್ತಿ ಸುತ್ತಿ ಬರುತ್ತವೆ. ಚಾ ತರುವವನಿಗೆ ಹೆಸರಿರುವುದು ಅಪರೂಪ. ಈಗ ತಡೆಯಲು ಸೆನ್ಸಾರ್ ಇಲ್ಲ, ಊರಿನ ಹೆಸರು ಧಾರಾಳವಾಗಿ ಬರುತ್ತದೆ, ಊರು ಮಾತ್ರ ಬರುವುದಿಲ್ಲ. ಆ ಬಿಸಿಲಾದರೂ ಎಲ್ಲ ಕಡೆ ಒಂದೇ ಅಚ್ಚಿನದು. ಆದರೆ ಕೋಲಾರ ಎರಡೂವರೆ ಸಾವಿರ ಅಡಿಗಿಂತ ಎತ್ತರದಲ್ಲಿದೆ. ಡಿಸೆಂಬರಿನ ಬೆಳಗಿನ ಜಾವ ಅಂತರಗಂಗೆ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಕಂಬಳಿ ಹೊದೆಯದವರಿಲ್ಲ.

ಅವರನ್ನಷ್ಟೇ ದೂರಿದರೆ ನ್ಯಾಯವಲ್ಲ. ಯುದ್ಧದ ಆ ವರ್ಷಗಳಲ್ಲಿ ಮುಳಬಾಗಿಲಿನ ಡಿವಿಜಿಯವರ ಕಗ್ಗ ಹೊರಬಂದಿತ್ತು, ಮಾಲೂರು ಸೀಮೆಯ ಮಾಸ್ತಿ ‘ಜೀವನ’ ಪತ್ರಿಕೆ ನಡೆಸುತ್ತಿದ್ದರು. ಕನ್ನಡದ ಇಬ್ಬರು ದೊಡ್ಡವರ ತವರು ಸೀಮೆಯ ಮೇಲೆ ಲಿಬರೇಟರ್‌ಗಳು ಗುಡುಗಿ ಹೋದವು. ನಮ್ಮ ಕಥೆ ಕಾದಂಬರಿಗಳಲ್ಲಿ ಆ ಗುಡುಗು ನನಗೆ ಕೇಳಿಸಿಲ್ಲ. ಇದೇ ಯುದ್ಧದಲ್ಲಿ ಮೈಸೂರು ಇನ್‌ಫೆಂಟ್ರಿಯವರು ಸಿಂಗಪುರದಲ್ಲಿ ವಿಮಾನ ನಿಲ್ದಾಣ ಕಾಯಲು ಹೋಗಿ, 1942ರ ಫೆಬ್ರವರಿಯಲ್ಲಿ ಜಪಾನಿಗೆ ಸೆರೆಯಾದರು. ನಮ್ಮವರು ಅಲ್ಲಿನ ರನ್‌ವೇಯಲ್ಲಿ, ಈ ಏರ್‌ಮನ್‌ಗಳು ನಮ್ಮ ರನ್‌ವೇಯಲ್ಲಿ. ಒಂದು ಕಥೆಗೆ ಇನ್ನೇನು ಬೇಕಿತ್ತು?

ಈ ಏರ್‌ಮನ್‌ಗಳ ಮನೆಯ ಹಂಬಲ ಒಮ್ಮೆ ಮಾತ್ರ ಬಾಯಿಬಿಟ್ಟಿತು, ಅದೂ ಕಾಗದದ ಮೇಲಲ್ಲ. 1946ರ ಜನವರಿಯಲ್ಲಿ, ಯುದ್ಧ ಮುಗಿದರೂ ಊರಿಗೆ ಕಳಿಸಲಿಲ್ಲವೆಂದು ಕರಾಚಿಯ ಡ್ರಿಗ್ ರೋಡಿನ ಏರ್‌ಮನ್‌ಗಳು ಕೆಲಸಕ್ಕೆ ಹೋಗದೆ ಕೂತರು. ಕಾನ್ಪುರ, ಸಿಲೋನ್, ಸಿಂಗಪುರದ ನೆಲೆಗಳಿಗೂ ಅದು ಹಬ್ಬಿತು. ಕೆಲವರಿಗೆ ಜೈಲಾಯಿತು. ಮುಂದಿನ ತಿಂಗಳು ಬೊಂಬಾಯಿಯಲ್ಲಿ ಭಾರತೀಯ ನಾವಿಕರು ಎದ್ದರು. ಅಷ್ಟು ವರ್ಷದ ಏರ್‌ಗ್ರಾಫುಗಳಲ್ಲಿ ಯಾವ ಅಧಿಕಾರಿಯೂ ದಾಟಿಸದಿದ್ದ ವಾಕ್ಯವನ್ನು ಡ್ರಿಗ್ ರೋಡಿನವರು ಬರೀ ಕೂತೇ ಹೇಳಿಬಿಟ್ಟರು. ಆ ಇಡೀ ಯುದ್ಧದ ಪತ್ರಸಾಹಿತ್ಯದಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಆ ಬರೆಯದ ಪತ್ರವೇ.

ಊರಿಗೆ ಮರಳದೇ ಹೋದವರೂ ಇದ್ದರು. ದಕ್ಷಿಣ ಭಾರತದಲ್ಲಿ ಅಲ್ಲಲ್ಲಿ ಚದುರಿದ್ದ ಯುದ್ಧಕಾಲದ ಸಮಾಧಿಗಳನ್ನು ಒಂದೆಡೆ ತರಲೆಂದು 1952ರಲ್ಲಿ ಮದ್ರಾಸಿನ ನಂದಂಬಾಕ್ಕಂನಲ್ಲಿ ಸ್ಮಶಾನವೊಂದನ್ನು ಕಟ್ಟಿದರು. ಒಂದೇ ಎತ್ತರದ ಬಿಳಿಯ ಕಲ್ಲುಗಳ ಸಾಲು. ಹೆಸರು, ಹುದ್ದೆ, ಸತ್ತ ದಿನ, ವಯಸ್ಸು, ಕೆಳಗೆ ಮನೆಯವರು ಆರಿಸಿ ಕಳಿಸಿದ ಒಂದು ಸಾಲು. ಅದಕ್ಕೂ ಇಷ್ಟೇ ಅಕ್ಷರವೆಂಬ ಮಿತಿ. ಯಾವ ಊರಿನಲ್ಲಿ ಸತ್ತ ಎಂದು ಆ ಕಲ್ಲುಗಳ ಮೇಲೆ ಕೆತ್ತುವ ಪದ್ಧತಿಯಿಲ್ಲ.