ಕಟ್ಟಿಸಿದವರ ಕೋಟೆ, ಕಟ್ಟಿದವರ ಬಾಯಾರಿಕೆ

ನಮ್ಮವ್ವನನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಹಿರಿಯೂರು ಕಡೆಯ ಹಳ್ಳಿ ನಮ್ಮದು. ದುರ್ಗ ದೂರವೇನಲ್ಲ. ಆದರೂ ಐವತ್ತು ದಾಟಿದ ಅವ್ವ ಕೋಟೆ ನೋಡಿರಲಿಲ್ಲ. ಅವಳು ದುರ್ಗಕ್ಕೆ ಬಂದದ್ದೆಲ್ಲ ದೊಡ್ಡಾಸ್ಪತ್ರೆಗೆ, ಇಲ್ಲಾ ಕಚೇರಿಯ ಬಾಗಿಲಿಗೆ. ಓಬವ್ವನ ಕಿಂಡಿಯ ಹತ್ತಿರ ಗೈಡೊಬ್ಬ ಗುಂಪು ಕಟ್ಟಿಕೊಂಡು ಕಥೆ ಹೇಳುತ್ತಿದ್ದ. ಹೈದರಾಲಿಯ ಸೈನ್ಯ ಮುತ್ತಿಗೆ ಹಾಕಿದ್ದು, ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆ ಕೂತದ್ದು, ಹೆಂಡತಿ ಓಬವ್ವ ನೀರು ತರಲು ತಣ್ಣೀರು ದೋಣಿಗೆ ಬಂದದ್ದು, ಕಿಂಡಿಯಲ್ಲಿ ತೂರಿ ಬಂದವರ ತಲೆಯ ಮೇಲೆ ಒನಕೆ ಬಿದ್ದದ್ದು. ಜನ ಚಪ್ಪಾಳೆ ತಟ್ಟಿದರು. ಮಕ್ಕಳು ಕಿಂಡಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡವು. ಅವ್ವ ಮಾತ್ರ ಕಿಂಡಿಯ ಕಡೆ ನೋಡಲೇ ಇಲ್ಲ. ಸೆರಗಲ್ಲಿ ಮುಖ ಒರೆಸಿಕೊಂಡು ಕೇಳಿದಳು: "ಮ್ಯಾಲೆ ಅಷ್ಟೊಂದು ಹೊಂಡ ಅವೆ ಅಂದ್ನಲ್ಲ ಮಗಾ ಆವಯ್ಯ. ಅವೆಲ್ಲಾ ಬಿಟ್ಟು ಇವಳ್ಯಾಕೆ ಈ ಮೂಲೆಗೆ ನೀರಿಗೆ ಬಂದ್ಲು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಓಬವ್ವನ ಮೇಲೆ ಎರಡು ಪದ್ಯ ಬರೆದಿದ್ದೇನೆ. ಎರಡರಲ್ಲೂ ಒನಕೆ ಇದೆ, ರಕ್ತ ಇದೆ, ಕ್ರಾಂತಿ ಇದೆ. ನೀರು ಇಲ್ಲ. ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ, ಸಿಹಿನೀರು ಹೊಂಡ ಅಂತ ಏಳು ಸುತ್ತಿನ ಕೋಟೆಯೊಳಗೆ ಇಷ್ಟೆಲ್ಲ ನೀರಿದ್ದರೂ ಚಲವಾದಿ ಹೆಣ್ಣುಮಗಳೊಬ್ಬಳು ಬಂಡೆ ಸಂದಿಯ ದೋಣಿಗೆ ಬಂದಳು. ಮನೆಗೆ ಹತ್ತಿರ ಇತ್ತು, ಅದಕ್ಕೇ ಬಂದಳು ಅನ್ನಬಹುದು. ಇರಬಹುದು, ನಾನು ಇಲ್ಲ ಅನ್ನಲ್ಲ. ಆದರೆ ಇಷ್ಟು ವರ್ಷ ಯಾರೂ ಯಾಕೆ ಕೇಳಲಿಲ್ಲ? ಊರ ಬಾವಿಯಿಂದ ದೂರ ನಿಂತು, ಯಾರಾದರೂ ಬಂದು ಕೊಡಕ್ಕೆ ಹುಯ್ಯಲಿ ಅಂತ ಕಾದ ಹೆಂಗಸಿಗೆ ಮಾತ್ರ ಯಾಕೆ ಈ ಪ್ರಶ್ನೆ ಹೊಳೆಯಿತು? ಅವತ್ತಿನಿಂದ ನಾನು ಕೋಟೆ ಅರಮನೆಗಳ ಪ್ರವಾಸವನ್ನು ಒಂದು ಕೃತಿಯಂತೆ ಓದಲು ಶುರು ಮಾಡಿದೆ. ಕಥೆ ಕಾದಂಬರಿಯನ್ನು ವಿಮರ್ಶೆ ಮಾಡುವ ನಾವು ಇದನ್ನು ಯಾಕೆ ಬಿಟ್ಟಿದ್ದೇವೆ? ಈ ನಾಡಿನಲ್ಲಿ ಕಾದಂಬರಿ ಓದುವವರಿಗಿಂತ ಅರಮನೆ ನೋಡುವವರು ಎಷ್ಟೋ ಪಾಲು ಹೆಚ್ಚು. ಅಲ್ಲಿ ಕೇಳಿದ್ದೇ ಅವರಿಗೆ ಚರಿತ್ರೆ.

ಈ ಕೃತಿಯ ಭಾಷೆ ನೋಡಿ. ಗೈಡು, ಕರಪತ್ರ, ಗೋಡೆಯ ಫಲಕ ಎಲ್ಲವೂ ಒಂದೇ ಕ್ರಿಯಾಪದದಲ್ಲಿ ಮಾತಾಡುತ್ತವೆ: ಕಟ್ಟಿಸಿದರು. ಕೋಟೆ ಕಟ್ಟಿಸಿದರು, ಕೆರೆ ತೋಡಿಸಿದರು, ಕಂಬ ಕೆತ್ತಿಸಿದರು. ಕನ್ನಡ ಎಂಥಾ ಪ್ರಾಮಾಣಿಕ ಭಾಷೆ! ರಾಜ ಕಟ್ಟಿದ ಅನ್ನಲು ನಾಲಿಗೆ ಏಳುವುದಿಲ್ಲ, ಕಟ್ಟಿಸಿದ ಅನ್ನುತ್ತದೆ. ಹೈಸ್ಕೂಲಿನಲ್ಲಿ ಇದನ್ನು ಪ್ರೇರಣಾರ್ಥಕ ಅಂತ ಬಾಯಿಪಾಠ ಮಾಡಿಸಿದರು. ಪ್ರೇರಣೆ! ಚಾಟಿಯ ಏಟಿಗೂ ಬಿಟ್ಟಿ ಚಾಕರಿಗೂ ವ್ಯಾಕರಣ ಇಟ್ಟ ಮರ್ಯಾದೆಯ ಹೆಸರು ಅದು. ಕಟ್ಟಿದ ಅನ್ನುವುದಕ್ಕೂ ಕಟ್ಟಿಸಿದ ಅನ್ನುವುದಕ್ಕೂ ನಡುವೆ 'ಇಸು' ಅಂತ ಒಂದು ಪುಟ್ಟ ಪ್ರತ್ಯಯ ಇದೆ. ಆ ಪ್ರತ್ಯಯದೊಳಗೆ ನಮ್ಮ ತಾತ ಇದ್ದಾನೆ, ಕಲ್ಲು ಒಡೆದ ಒಡ್ಡರಿದ್ದಾರೆ, ಮಣ್ಣು ಹೊತ್ತ ಹೆಂಗಸರಿದ್ದಾರೆ. ಪ್ರವಾಸಿಗೆ ಕಾಣುವುದು ವಾಕ್ಯದ ಮೊದಲ ಪದ, ರಾಜ ಮಾತ್ರ.

ನಾನು ಮೊದಲು ನೋಡಿದ ಅರಮನೆ ಮೈಸೂರಿನದು, ಏಳನೇ ಕ್ಲಾಸಿನ ಶಾಲಾ ಪ್ರವಾಸದಲ್ಲಿ. ಅಪ್ಪ ಸಾಲ ಮಾಡಿ ದುಡ್ಡು ಕೊಟ್ಟಿದ್ದ. ಬಸ್ಸಿನಲ್ಲಿ ನೀರಿನ ಡ್ರಮ್ಮು ಇತ್ತು. ಕೇರಿಯ ನಾವು ಮೂರು ಹುಡುಗರು ಅದಕ್ಕೆ ಕೈ ಹಾಕುವಂತಿರಲಿಲ್ಲ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಒಬ್ಬ ಹುಡುಗ ಮೇಲಿಂದ ಹುಯ್ಯುತ್ತಿದ್ದ, ನಾವು ಬೊಗಸೆ ಒಡ್ಡುತ್ತಿದ್ದೆವು. ಮೇಷ್ಟ್ರು ಕಿಟಕಿಯಾಚೆ ನೋಡುತ್ತಿದ್ದರು. ಅರಮನೆಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಡಬೇಕು ಅಂದರು. ನನಗೆ ಎಷ್ಟು ಖುಷಿಯಾಯಿತು ಗೊತ್ತಾ? ನಮ್ಮಪ್ಪ ಊರ ಗೌಡರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನು. ಇಲ್ಲಿ ಗೌಡರ ಮಗನೂ ಬರಿಗಾಲಲ್ಲಿ ನನ್ನ ಪಕ್ಕ ನಡೆದ. ಅರಮನೆಯಲ್ಲಿ ನಾನು ಕಂಡ ಸಮಾನತೆ ಅದೊಂದೇ. ಅದೂ ಚಪ್ಪಲಿ ಸ್ಟ್ಯಾಂಡಿನ ತನಕ.

ಒಳಗೆ ಏನು ಹೇಳಿದರು? 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಹಳೆಯ ಮರದ ಅರಮನೆ ಸುಟ್ಟಿತು. ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ಶಿಲ್ಪಿ ನಕ್ಷೆ ಬರೆದ. 1912ರ ಹೊತ್ತಿಗೆ ಹೊಸದು ಮುಗಿಯಿತು. ಖರ್ಚು ಸುಮಾರು 41 ಲಕ್ಷ ರೂಪಾಯಿ. ಬೆಳ್ಳಿಯ ಬಾಗಿಲು, ಚಿನ್ನದ ಅಂಬಾರಿ, ಹತ್ತಿರ ಹತ್ತಿರ ಒಂದು ಲಕ್ಷ ವಿದ್ಯುತ್ ದೀಪ. ಎಲ್ಲಕ್ಕೂ ಲೆಕ್ಕ ಇತ್ತು, ಜನಕ್ಕೆ ಮಾತ್ರ ಇರಲಿಲ್ಲ. ಆ ಹದಿನೈದು ವರ್ಷ ಕಲ್ಲು ಹೊತ್ತವರು ಎಲ್ಲಿಂದ ಬಂದರು, ಎಲ್ಲಿ ಮಲಗಿದರು, ದಿನಕ್ಕೆ ಏನು ಕೂಲಿ, ಎಷ್ಟು ಮಂದಿ ಬಿದ್ದು ಸತ್ತರು? ದೀಪ ಎಣಿಸಿದವರು ಇದನ್ನು ಎಣಿಸಿ ಹೇಳಲಿಲ್ಲ.

ಇಲ್ಲಿ ಗೆಳೆಯರು ನನ್ನನ್ನು ತಡೆಯುತ್ತಾರೆ. "ನಾಲ್ವಡಿಯವರನ್ನು ಹೀಗೆ ಅನ್ನಬಹುದಾ? ಅವರಿಲ್ಲದಿದ್ದರೆ ನೀನು ಓದುತ್ತಿದ್ದೆಯಾ?" ಅಂತ. ಒಪ್ಪುತ್ತೇನೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದರು. ಸರ್ಕಾರಿ ನೌಕರಿ ಬ್ರಾಹ್ಮಣರ ಸ್ವತ್ತಲ್ಲ ಅನ್ನುವ ಮಾತು ಮೈಸೂರು ರಾಜ್ಯದಲ್ಲಿ ಕಾಗದಕ್ಕೆ ಇಳಿದದ್ದು ಅಲ್ಲಿಂದ. ನಮ್ಮ ಕಡೆಯ ಮಾರಿಕಣಿವೆ ಕಟ್ಟಿದ್ದೂ ಮೈಸೂರು ಸರ್ಕಾರವೇ. ನನ್ನ ತಕರಾರು ಇಷ್ಟೇ: ಮಿಲ್ಲರ್ ಸಮಿತಿಯ ಸುದ್ದಿಯನ್ನು ಅವತ್ತು ಅರಮನೆಯೊಳಗೆ ನಮಗೆ ಯಾರೂ ಹೇಳಲಿಲ್ಲ. ಅಂಬಾರಿಯ ತೂಕ ಹೇಳಿದರು. ರಾಜ ಮಾಡಿದ ನಿಜವಾದ ಒಳ್ಳೆಯ ಕೆಲಸವನ್ನೂ ಮುಚ್ಚಿ, ಅವನ ಒಡವೆ ತೋರಿಸುವುದು ಎಂಥಾ ಗೌರವ? ಕೈಮುಗಿಯುವವರು ಬೇಕು, ಪ್ರಶ್ನೆ ಕೇಳುವವರು ಬೇಡ ಅನ್ನುವ ಕಡೆ ಮಾತ್ರ ಹೀಗಾಗುತ್ತದೆ.

1971ರಲ್ಲಿ ರಾಜಧನ ರದ್ದಾಯಿತು. ರಾಜರು ಹೋದರು ಅಂತ ನಮ್ಮ ಹಿರಿಯರು ಅಂದುಕೊಂಡರು. 1982ರಲ್ಲಿ ರಾಜಸ್ಥಾನದಲ್ಲಿ 'ಪ್ಯಾಲೇಸ್ ಆನ್ ವ್ಹೀಲ್ಸ್' ಅನ್ನುವ ಐಷಾರಾಮಿ ರೈಲು ಓಡಿತು, 2008ರಲ್ಲಿ ನಮ್ಮಲ್ಲಿ 'ಗೋಲ್ಡನ್ ಚಾರಿಯಟ್' ಬಂತು. ದುಡ್ಡಿದ್ದವನು ಟಿಕೆಟ್ಟು ತೆಗೆದುಕೊಂಡು ನಾಲ್ಕು ದಿನ ರಾಜನಾಗಬಹುದು. ಅಂದರೆ ಹೋದದ್ದು ರಾಜರು. ರಾಜನಾಗುವ ಆಸೆ ಹೋಗಲಿಲ್ಲ, ಅದು ಮಾರಾಟದ ಸರಕಾಯಿತು. ಜೋಧಪುರದ ಉಮೈದ್ ಭವನ್ ಅರಮನೆಯನ್ನು 1929ರಿಂದ 1943ರವರೆಗೆ ಕಟ್ಟಿದರು. ಬರಗಾಲದಲ್ಲಿ ಹಸಿದ ಜನಕ್ಕೆ ಕೆಲಸ ಕೊಡಲು ಅಂತ ಹೇಳುತ್ತಾರೆ. ಕೆಲಸ ಸಿಕ್ಕಿತು, ಗಂಜಿಯೂ ಸಿಕ್ಕಿರಬಹುದು. ಆದರೆ ಹಸಿದವನ ಕೈಯಲ್ಲಿ ತನಗೊಂದು ಅರಮನೆ ಕಟ್ಟಿಸಿಕೊಂಡದ್ದಕ್ಕೆ ಪರೋಪಕಾರ ಅಂತ ಹೆಸರಿಟ್ಟು, ಅದರ ಒಂದು ಭಾಗವನ್ನು ಇವತ್ತು ಹೋಟೆಲು ಮಾಡಿ ನಡೆಸುತ್ತಿದ್ದಾರೆ.

ಅದೇ ಜೋಧಪುರದಲ್ಲಿ ಬೆಟ್ಟದ ಮೇಲೆ ಮೆಹ್ರಾನ್‌ಗಢ ಕೋಟೆ ಇದೆ. 1459ರಲ್ಲಿ ರಾವ್ ಜೋಧಾ ಅದಕ್ಕೆ ಅಡಿಪಾಯ ಹಾಕಿದಾಗ ಆ ಜಾಗಕ್ಕೆ ಸನ್ಯಾಸಿಯೊಬ್ಬನ ಶಾಪವಿತ್ತಂತೆ. ನೀರಿಲ್ಲದೆ ಹೋಗಲಿ ಅನ್ನುವ ಶಾಪ. ಅದು ತಟ್ಟದಿರಲಿ ಅಂತ ಮೇಘವಾಲ ಜಾತಿಯ ರಾಜಾರಾಮ ಎಂಬುವನನ್ನು ಬುನಾದಿಯಲ್ಲಿ ಜೀವಂತ ಹೂತರು ಅಂತ ಅಲ್ಲಿಯವರು ತಲೆಮಾರಿನಿಂದ ಹೇಳುತ್ತಾ ಬಂದಿದ್ದಾರೆ. ಮೇಘವಾಲರು ಅಂದರೆ ಅಲ್ಲಿಯ ನಮ್ಮವರು. ಕೋಟೆಯಲ್ಲಿ ಅವನ ನೆನಪಿನ ಕಲ್ಲೂ ಇದೆ. ಅವನ ಮನೆಯವರಿಗೆ ಜಮೀನು ಕೊಟ್ಟರಂತೆ. ಕಥೆ ಇನ್ನೊಂದು ಮಾತು ಸೇರಿಸುತ್ತದೆ: ರಾಜಾರಾಮ ತಾನಾಗಿಯೇ ಒಪ್ಪಿ ಬಂದ.

ತಾನಾಗಿಯೇ! ಈ ಪದವನ್ನು ನಾವು ಬೇರೆ ಕಡೆಯೂ ಕೇಳಿದ್ದೇವೆ. 'ಕೆರೆಗೆ ಹಾರ'ದ ಭಾಗೀರಥಿಯೂ ತಾನಾಗಿಯೇ ಕೆರೆಗೆ ಇಳಿದಳು ಅಂತಾರೆ. ಮನೆಗೆ ಕೊನೆಯವಳಾಗಿ ಬಂದ ಸೊಸೆ, ಊರಿಗೆ ಕೊನೆಯವನಾದ ಹೊಲೆಯ, ಇವರು ಮಾತ್ರ ಯಾವಾಗಲೂ ತಾವಾಗಿಯೇ ಮುಂದೆ ಬರುತ್ತಾರೆ. ಪುರೋಹಿತನ ಮಗನಾಗಲಿ ಸಾಹುಕಾರನ ಮಗನಾಗಲಿ ಬುನಾದಿಗೆ ಇಳಿದ ಕಥೆಯನ್ನು ನಾನಂತೂ ಕೇಳಿಲ್ಲ. ಬೇಡ ಅನ್ನುವ ಹಕ್ಕು ಇಲ್ಲದವನ ಒಪ್ಪಿಗೆಗೆ ಏನು ಬೆಲೆ? ಆ ಒಪ್ಪಿಗೆ ಕಟ್ಟಿಸಿದವನ ಮನಸ್ಸು ಹಗುರಾಗಲು ಹುಟ್ಟಿದ ಮಾತು.

ಈಗ ಓಬವ್ವನ ಕಡೆ ತಿರುಗಿ. ತ.ರಾ.ಸು. ಕಾದಂಬರಿಗಳನ್ನು ಇಟ್ಟುಕೊಂಡು 1972ರಲ್ಲಿ ಪುಟ್ಟಣ್ಣ ಕಣಗಾಲರು 'ನಾಗರಹಾವು' ಸಿನಿಮಾ ತೆಗೆದರು. ಜಯಂತಿ ಅದರಲ್ಲಿ ಓಬವ್ವನಾದರು. ಇಡೀ ಕರ್ನಾಟಕಕ್ಕೆ ಓಬವ್ವನ ಮುಖ ಸಿಕ್ಕಿದ್ದು ಅಲ್ಲಿ. 2021ರಲ್ಲಿ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಅಂತ ಘೋಷಿಸಿತು. ಒಳ್ಳೆಯದೇ. ಆದರೆ ಕಥೆ ಒಂದು ಮಧ್ಯಾಹ್ನದ್ದು. ಅವಳು ಅವತ್ತು ಬೆಳಿಗ್ಗೆ ಏನು ತಿಂದಳು, ಮಡಕೆ ಮುಟ್ಟಿಸಿಕೊಳ್ಳದೆ ಯಾರ ಮನೆಯ ಭತ್ತ ಕುಟ್ಟಿದಳು, ಅವಳ ಗುಡಿಸಲು ಕೋಟೆಯ ಯಾವ ಸುತ್ತಿನಲ್ಲಿತ್ತು, ಇದು ಯಾವುದೂ ಕಥೆಗೆ ಬೇಡ. ರಾಜಾರಾಮ ಬುನಾದಿಯಲ್ಲಿ, ಓಬವ್ವ ಕಿಂಡಿಯಲ್ಲಿ. ಸಾಯುವ ಹೊತ್ತಿಗೆ ಮಾತ್ರ ನಮ್ಮವರಿಗೆ ಕೋಟೆಯ ಚರಿತ್ರೆಯೊಳಗೆ ಪ್ರವೇಶ. 1779ರಲ್ಲಿ ದುರ್ಗ ಹೈದರಾಲಿಯ ಕೈಗೆ ಬಿತ್ತು. ಮದಕರಿನಾಯಕನ ದುಃಖ ನಮ್ಮ ನಾಟಕ ಕಾದಂಬರಿಗಳಿಗೆ ಗೊತ್ತು. ಅವತ್ತು ಕೇರಿಯಲ್ಲಿ ಏನಾಯಿತು? ಯಜಮಾನ ಬದಲಾದನೋ, ಚಾಕರಿ ಬದಲಾಯಿತೋ? ಇದನ್ನು ಬರೆಯದ ನಮ್ಮ ಸಾಹಿತ್ಯವೂ ಗೈಡಿನ ಭಾಷೆಯನ್ನೇ ಆಡುತ್ತಿದೆ. ನನ್ನ ಎರಡು ಪದ್ಯಗಳೂ ಅದರಲ್ಲಿ ಸೇರಿವೆ.

ಕೋಟೆ ಪ್ರವಾಸದ ಬಗ್ಗೆ ನಾನು ಓದಿದ ನಿಜವಾದ ಬರಹ ಒಂದೇ. ಬರೆದವರು ಬಾಬಾಸಾಹೇಬರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಆತ್ಮಕಥನದಲ್ಲಿ ಆ ಪ್ರಸಂಗ ಇದೆ. 1934ರಲ್ಲಿ ಸುಮಾರು ಮೂವತ್ತು ಮಂದಿ ಸಂಗಾತಿಗಳ ಜೊತೆ ಅವರು ವೇರೂಳದ ಗುಹೆಗಳನ್ನು ನೋಡಲು ಹೊರಟರು. ತಾವು ಬರುವ ಸುದ್ದಿಯನ್ನು ಬೇಕೆಂದೇ ಬಹಿರಂಗ ಮಾಡಿರಲಿಲ್ಲ. ಅಸ್ಪೃಶ್ಯ ಪ್ರವಾಸಿ ಅಂತ ತಿಳಿದರೆ ಪಾಡು ಏನಾಗುತ್ತದೆ ಅಂತ ಗೊತ್ತಿತ್ತು. ದಾರಿಯಲ್ಲಿ ನಿಜಾಮನ ಸೀಮೆಯ ದೌಲತಾಬಾದ್ ಕೋಟೆ. ರಂಜಾನ್ ತಿಂಗಳು. ಧೂಳು ತುಂಬಿದ ಮೈ. ಕೋಟೆ ಬಾಗಿಲ ಹೊರಗೆ ತುಂಬಿದ ಒಂದು ಕೊಳ. ಕೆಲವರು ಕೈಕಾಲು ಮುಖ ತೊಳೆದರು. ಅಷ್ಟರಲ್ಲಿ ಮುದುಕನೊಬ್ಬ ಕೂಗುತ್ತಾ ಬಂದ: ಇವರು ಕೊಳವನ್ನು ಮೈಲಿಗೆ ಮಾಡಿದರು! ಜನ ಸೇರಿದರು. ಬೈದರು. ಕೊನೆಗೆ ಒಂದು ಷರತ್ತಿನ ಮೇಲೆ ಒಳಗೆ ಬಿಟ್ಟರು: ಕೋಟೆಯೊಳಗೆ ಎಲ್ಲೂ ನೀರು ಮುಟ್ಟಕೂಡದು. ಕಾಯಲು ಒಬ್ಬ ಬಂದೂಕಿನ ಸಿಪಾಯಿಯನ್ನು ಜೊತೆಗೆ ಕಳಿಸಿದರು.

ಲಂಡನ್ನು, ನ್ಯೂಯಾರ್ಕು ಓದಿ ಬಂದ ಮನುಷ್ಯ. ದುಂಡುಮೇಜಿನ ಪರಿಷತ್ತಿನಲ್ಲಿ ಕೂತು ಬಂದ ಮನುಷ್ಯ. 1927ರಲ್ಲಿ ಮಹಾಡಿನ ಚೌದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದ ಮನುಷ್ಯ. ಅವರಿಗೆ ಕೋಟೆ ತೋರಿಸಲು ಗೈಡು ಬರಲಿಲ್ಲ, ನೀರು ಕಾಯಲು ಸಿಪಾಯಿ ಬಂದ. ಕೂಗಿದವರು ಮುಸಲ್ಮಾನರು. ಹಿಂದೂವಿಗೆ ಅಸ್ಪೃಶ್ಯನಾದವನು ಮುಸಲ್ಮಾನನಿಗೂ ಅಸ್ಪೃಶ್ಯನೇ ಅಂತ ತೋರಿಸಲೆಂದೇ ಬಾಬಾಸಾಹೇಬರು ಇದನ್ನು ಬರೆದರು. ಇದನ್ನು ಹಿಡಿದು ಒಂದು ಧರ್ಮದವರನ್ನು ಬೈಯಲು ಹೊರಡುವವರು ಮೊದಲು ತಮ್ಮೂರ ಬಾವಿಯನ್ನು ನೋಡಿಕೊಳ್ಳಲಿ. ನಮ್ಮ ಬಸ್ಸಿನ ಡ್ರಮ್ಮಿನ ಪಕ್ಕ ಯಾವ ನಿಜಾಮನೂ ನಿಂತಿರಲಿಲ್ಲ.

ದೌಲತಾಬಾದಿನ ಆ ಕೊಳದ ಪಕ್ಕ ಈ ಪ್ರಸಂಗ ಹೇಳುವ ಒಂದು ಕಲ್ಲು ನಿಲ್ಲಬೇಕು. ಓಬವ್ವನ ಕಿಂಡಿಯ ಹತ್ತಿರ ನಮ್ಮವ್ವನ ಪ್ರಶ್ನೆ ಹೇಳುವ ಇನ್ನೊಂದು ಕಲ್ಲು. ಹಾಗಾದರೆ ಕೋಟೆಗಳನ್ನು ಕೆಡವೋಣ ಅಂತೀಯಾ ಎಂದು ಕೇಳುವವರಿದ್ದಾರೆ. ಯಾಕೆ ಕೆಡವಬೇಕು? ನಾವು ಕಟ್ಟಿದ್ದನ್ನು ನಾವೇ ಕೆಡವುವ ಹುಚ್ಚರಲ್ಲ. ಆ ಗೋಡೆಯಲ್ಲಿ ಕೂದಲು ನುಸುಳದ ಹಾಗೆ ಕಲ್ಲಿಗೆ ಕಲ್ಲು ಕೂಡಿಸಿದ ಜಾಣತನ ಇದೆಯಲ್ಲ, ಅದು ನಮ್ಮವರದು. ಗೈಡನ್ನೂ ನಾನು ದೂರುವುದಿಲ್ಲ. ಅವನೂ ಹೊಟ್ಟೆಪಾಡಿಗೆ ಬಿಸಿಲಲ್ಲಿ ನಿಂತು ಒಪ್ಪಿಸುವ ಬಡವ. ಅವನಿಗೆ ಆ ಪಾಠ ಬರೆದುಕೊಟ್ಟವರನ್ನು ಕೇಳುತ್ತಿದ್ದೇನೆ.

ಹಳ್ಳಿಯ ಮೇಷ್ಟ್ರುಗಳೇ, ಈ ಮಾತು ಮುಖ್ಯವಾಗಿ ನಿಮಗೆ. ಮಕ್ಕಳನ್ನು ಅರಮನೆಗೆ ಕರೆದುಕೊಂಡು ಹೋಗಿ, ಕೋಟೆಗೂ ಹೋಗಿ. ಗೈಡು 'ಕಟ್ಟಿಸಿದರು' ಅಂದಾಗ 'ಕಟ್ಟಿದವರು ಯಾರು?' ಅಂತ ಮಕ್ಕಳ ಕೈಲಿ ಕೇಳಿಸಿ. ಇಲ್ಲಿ ಕಸ ಗುಡಿಸಿದವರು ಯಾರು, ಸತ್ತ ಕುದುರೆ ಎಳೆದವರು ಯಾರು, ಯಾವ ಹೊಂಡದ ನೀರು ಯಾರಿಗೆ ಅಂತ ಕೇಳಿಸಿ. ಉತ್ತರ ಸಿಗದಿದ್ದರೆ ಚಿಂತೆಯಿಲ್ಲ. ಉತ್ತರ ಸಿಗಲಿಲ್ಲ ಅಂತ ಮಗು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಅದೇ ಚರಿತ್ರೆಯ ಮೊದಲ ಪಾಠ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಬಸ್ಸು ಹೊರಡುವ ಮುಂಚೆ ನೀರಿನ ಡ್ರಮ್ಮಿನ ಹತ್ತಿರ ಹೋಗಿ ನಿಲ್ಲಿ. ಕೇರಿಯ ಹುಡುಗನನ್ನು ಕರೆದು, ಲೋಟ ಅವನ ಕೈಗೇ ಕೊಡಿ. ಅವನೇ ಮೊಗೆದುಕೊಂಡು ಕುಡಿಯಲಿ. ಕಿಟಕಿಯಾಚೆ ನೋಡಬೇಡಿ.